ನೋಶನ್‌ನಲ್ಲಿ ಮಾಸಪತ್ರಿಕೆ ನಡೆಸಬಹುದೇ? 6 ಜನರ ತಂಡಕ್ಕೆ ಎಲ್ಲಿ ಹೊಂದುತ್ತೆ, ಎಲ್ಲಿ ಎಡವುತ್ತೆ

ಬಿಳಿಹಾಳೆ

6 ಜನರ ಸಂಪಾದಕೀಯ ತಂಡ, ತಿಂಗಳಿಗೊಂದು ಸಂಚಿಕೆ, ಸಂಚಿಕೆಗೆ 18ರಿಂದ 22 ಬರಹ. ಬರಹಗಳು ಇಮೇಲ್‌ಗೂ ಬರುತ್ತವೆ, ವಾಟ್ಸಾಪ್‌ಗೂ ಬರುತ್ತವೆ. ಯಾವುದು ಎಲ್ಲಿದೆ ಅನ್ನೋದಕ್ಕೆ ಒಂದು ಗೂಗಲ್ ಶೀಟ್ ಇದೆ, ಸಭೆಯ ಟಿಪ್ಪಣಿಗೆ ಬೇರೆ ಜಾಗ. ಹಳೇ ಬರಹಗಳು ಸುಮಾರು 1,200, ಮೂರರಲ್ಲೊಂದು ಪಾಲು ನುಡಿ ಫಾಂಟಿನಲ್ಲಿ ಟೈಪಾದದ್ದು.

ಎಲ್ಲವನ್ನೂ ನೋಶನ್‌ಗೆ (ಟಿಪ್ಪಣಿ, ಪಟ್ಟಿ, ಡೇಟಾಬೇಸ್ ಒಂದೇ ಕಡೆ ಇಡುವ ಆ್ಯಪ್) ತರುವ ಯೋಚನೆ. ಗೊತ್ತಾಗಬೇಕಾದ್ದು: ಉಚಿತ ಪ್ಲಾನಿನಲ್ಲೇ ನಡೆಯುತ್ತದೆಯೇ? ಕನ್ನಡದಲ್ಲಿ ಹುಡುಕಾಟ ಸರಿಯಾಗಿ ಕೆಲಸ ಮಾಡುತ್ತದೆಯೇ? ಮುಂದೆ ಬೇಡ ಅನ್ನಿಸಿದರೆ ಎಲ್ಲವನ್ನೂ ಹೊರಗೆ ತರಬಹುದೇ? ಟೆಂಪ್ಲೇಟ್ ತೋರಿಸುವ ವಿಡಿಯೋಗಳು ಬೇಡ, ಅವುಗಳಲ್ಲಿ ಡೇಟಾಬೇಸ್ ಯಾವಾಗಲೂ ಐದೇ ಸಾಲಿನದು.

ಅಚ್ಚುಮೊಳೆ

ನೋಶನ್ ಸಾಕು, ರಿಜಿಸ್ಟರ್ ಪುಸ್ತಕದ ಹಾಗೆ ಬಳಸುವುದಾದರೆ. ಉಗ್ರಾಣ ಮಾಡಿಕೊಳ್ಳಬೇಡಿ. ಯಾವ ಬರಹ ಯಾರ ಕೈಯಲ್ಲಿದೆ, ಯಾವ ಹಂತದಲ್ಲಿದೆ, ಯಾವ ಸಂಚಿಕೆಗೆ ಹೋಗುತ್ತೆ ಅನ್ನುವುದೆಲ್ಲ ಅಲ್ಲಿರಲಿ. ಬರಹದ ಮೂಲಪ್ರತಿ ಗೂಗಲ್ ಡಾಕ್ಸ್ ಅಥವಾ ವರ್ಡ್ ಕಡತದಲ್ಲೇ ಇರಲಿ, ಅದರ ಕೊಂಡಿ ಮಾತ್ರ ನೋಶನ್‌ನಲ್ಲಿ.

ಮೊದಲ ಕಾರಣ, ನೋಶನ್‌ನಿಂದ ಹೊರಬರುವುದು ಪಿಡಿಎಫ್, ಎಚ್‌ಟಿಎಂಎಲ್, ಮಾರ್ಕ್‌ಡೌನ್ (ಸರಳ ಗುರುತುಗಳ ಪಠ್ಯ) ಮತ್ತು ಸಿಎಸ್‌ವಿ (ಕೋಷ್ಟಕದ ಪಠ್ಯ) ರೂಪದಲ್ಲಿ. ವರ್ಡ್ ಕಡತ ಸಿಗುವುದಿಲ್ಲ. ನಿಮ್ಮ ಪುಟವಿನ್ಯಾಸ ಇನ್‌ಡಿಸೈನ್‌ನಲ್ಲಾದರೆ ಮಾರ್ಕ್‌ಡೌನ್ ಇಳಿಸಿ, ಪ್ಯಾಂಡಾಕ್ ಎಂಬ ಪರಿವರ್ತಕ ತಂತ್ರಾಂಶದಿಂದ ವರ್ಡ್‌ಗೆ ಬದಲಿಸಿ, ಆಮೇಲೆ ಪ್ಲೇಸ್ ಮಾಡಬೇಕು. 20 ಬರಹಕ್ಕೆ 20 ಸಲ. ಎರಡನೇ ಕಾರಣ ಅಡಿಟಿಪ್ಪಣಿ. ನೋಶನ್‌ನಲ್ಲಿ ಅಡಿಟಿಪ್ಪಣಿ ಅನ್ನುವ ವಸ್ತುವೇ ಇಲ್ಲ, ಸಂಶೋಧನಾ ಬರಹ ಬಂದರೆ ಅಲ್ಲೇ ಸಿಕ್ಕಿಕೊಳ್ಳುತ್ತೀರಿ. ಮೂರನೇದು ತಿದ್ದುಪಡಿಯ ಗುರುತು. ಸಲಹೆ ರೂಪದಲ್ಲಿ ತಿದ್ದುವ ಸೌಲಭ್ಯ 2024ರಲ್ಲಿ ಬಂದಿದೆ, ಚೆನ್ನಾಗಿಯೂ ಇದೆ. ಆದರೆ ಲೇಖಕರು ವರ್ಡ್‌ನಲ್ಲಿ ಟ್ರ್ಯಾಕ್ ಚೇಂಜಸ್ ಹಾಕಿ ಕಳಿಸಿದ್ದು ಇಲ್ಲಿಗೆ ಗುರುತಿನ ಸಮೇತ ಬರುವುದಿಲ್ಲ, ಇಲ್ಲಿನದು ಅಲ್ಲಿಗೆ ಹೋಗುವುದಿಲ್ಲ.

ಇನ್ನು ಕಟ್ಟುವ ಬಗೆ. ಮೂರು ಡೇಟಾಬೇಸ್ ಸಾಕು: ಬರಹಗಳು, ಲೇಖಕರು, ಸಂಚಿಕೆಗಳು. ಬರಹಗಳಿಂದ ಸಂಚಿಕೆಗೆ ಒಂದು ರಿಲೇಶನ್ (ಒಂದು ಡೇಟಾಬೇಸ್‌ನ ಸಾಲನ್ನು ಇನ್ನೊಂದರ ಸಾಲಿಗೆ ಜೋಡಿಸುವ ಕೊಂಡಿ), ‘ಒಂದೇ ಪುಟ’ ಎಂಬ ಮಿತಿ ಹಾಕಿ, ಇಲ್ಲದಿದ್ದರೆ ಒಂದೇ ಬರಹ ಎರಡು ಸಂಚಿಕೆಯಲ್ಲಿ ಕೂತಿರುತ್ತೆ. ಬರಹಗಳಿಂದ ಲೇಖಕರಿಗೆ ಇನ್ನೊಂದು ರಿಲೇಶನ್, ಮಿತಿ ಬೇಡ, ಅನುವಾದಕ್ಕೆ ಇಬ್ಬರಿರುತ್ತಾರೆ. ಎರಡನ್ನೂ ಎರಡೂ ಕಡೆ ಕಾಣುವಂತೆ ಮಾಡಿ.

ಎಲ್ಲರೂ ಮಾಡುವ ತಪ್ಪು ಅಂದರೆ ಪ್ರತಿ ಸಂಚಿಕೆಗೊಂದು ಹೊಸ ಡೇಟಾಬೇಸ್. ವರ್ಷಕ್ಕೆ 12 ಆಗುತ್ತೆ, ಆಮೇಲೆ ‘ಈ ಲೇಖಕರದ್ದು ಹಿಂದೆ ಏನೇನು ಬಂದಿದೆ’ ಅಂತ ಕೇಳಿದರೆ 12 ಕಡೆ ಹುಡುಕಬೇಕು. ಬರಹಗಳ ಡೇಟಾಬೇಸ್ ಒಂದೇ ಇರಬೇಕು.

ಹಂತಕ್ಕೆ ಸ್ಟೇಟಸ್ ಬಗೆಯ ಪ್ರಾಪರ್ಟಿ (ಡೇಟಾಬೇಸ್‌ನ ಕಾಲಮ್) ತಗೊಳ್ಳಿ, ಸಿಲೆಕ್ಟ್ ಬೇಡ. ಸ್ಟೇಟಸ್‌ನಲ್ಲಿ ಮಾಡಬೇಕಾದ್ದು, ನಡೆಯುತ್ತಿರುವುದು, ಮುಗಿದದ್ದು ಅಂತ ಮೂರು ಗುಂಪು ಮೊದಲೇ ಇರುತ್ತೆ. ಅದರೊಳಗೆ: ಬಂದಿದೆ, ಓದಿಗೆ, ತಿದ್ದುಪಡಿ, ಕರಡು 1, ಕರಡು 2, ಪುಟದಲ್ಲಿ, ಅಚ್ಚಿಗೆ. ‘ವಾಪಸ್’ ಅನ್ನುವುದನ್ನು ಮುಗಿದ ಗುಂಪಿಗೆ ಹಾಕಿ, ಆದರೆ ಅದರ ಸಂಚಿಕೆ ರಿಲೇಶನ್ ತೆಗೆಯಿರಿ. ಆಗ ಸಂಚಿಕೆ ಪುಟದಲ್ಲಿ ರೋಲಪ್ (ರಿಲೇಶನ್‌ನಿಂದ ಬಂದ ಸಾಲುಗಳ ಲೆಕ್ಕ ತೆಗೆಯುವ ಕಾಲಮ್) ಇಟ್ಟು ‘ಶೇಕಡಾ ಎಷ್ಟು ಮುಗಿದಿದೆ’ ಅಂತ ಕೇಳಿದರೆ ಲೆಕ್ಕ ಸರಿ ಬರುತ್ತೆ.

ಬಿಳಿಹಾಳೆ

ಸಂಚಿಕೆಯ ಪುಟ ತೆರೆದರೆ ಆ ಸಂಚಿಕೆಯ ಬರಹ ಮಾತ್ರ ಕಾಣಬೇಕಾದರೆ ಪ್ರತಿ ತಿಂಗಳೂ ಫಿಲ್ಟರ್ ಬದಲಿಸಬೇಕೇ?

ಅಚ್ಚುಮೊಳೆ

ಬೇಡ, ಟೆಂಪ್ಲೇಟಿಗೆ ಒಂದೇ ಸಲ ಹೇಳಿಕೊಟ್ಟರೆ ಸಾಕು. ಸಂಚಿಕೆಗಳ ಡೇಟಾಬೇಸ್‌ನಲ್ಲಿ ‘ನ್ಯೂ’ ಗುಂಡಿಯ ಪಕ್ಕದ ಬಾಣ ಒತ್ತಿ ಹೊಸ ಟೆಂಪ್ಲೇಟ್ ಮಾಡಿ, ‘ಸಂಚಿಕೆ ಮಾದರಿ’ ಅಂತ ಹೆಸರಿಡಿ. ಅದರೊಳಗೆ ಬರಹಗಳ ಡೇಟಾಬೇಸ್‌ನ ಲಿಂಕ್ಡ್ ವ್ಯೂ (ಅದೇ ಡೇಟಾಬೇಸನ್ನು ಈ ಪುಟದಲ್ಲೂ ತೋರಿಸುವ ನೋಟ) ಹಾಕಿ. ಆ ವ್ಯೂಗೆ ಫಿಲ್ಟರ್: ‘ಸಂಚಿಕೆ’ ಎಂಬ ರಿಲೇಶನ್ ಒಳಗೊಂಡಿರಬೇಕಾದ್ದು, ಪಟ್ಟಿಯಲ್ಲಿ ಕಾಣುವ ಆ ಟೆಂಪ್ಲೇಟಿನ ಹೆಸರನ್ನೇ ಆರಿಸಿ. ನೋಡೋಕೆ ವಿಚಿತ್ರ, ಮಾದರಿ ತನ್ನನ್ನೇ ತೋರಿಸಿಕೊಳ್ಳುತ್ತೆ. ಆದರೆ ಆ ಮಾದರಿಯಿಂದ ‘ಜನವರಿ’ ಅಂತ ಹೊಸ ಪುಟ ಮಾಡಿದ ಕೂಡಲೇ ಫಿಲ್ಟರ್ ತಾನಾಗಿ ಜನವರಿಗೆ ತಿರುಗುತ್ತೆ. ಆ ವ್ಯೂನಲ್ಲೇ ಹೊಸ ಸಾಲು ಸೇರಿಸಿದರೆ ರಿಲೇಶನ್ ಕೂಡ ತುಂಬಿಕೊಂಡೇ ಬರುತ್ತೆ.

ಇದು ಕೆಲಸ ಮಾಡದಿದ್ದರೆ 10ರಲ್ಲಿ 9 ಸಲ ಕಾರಣ ಒಂದೇ: ಮಾದರಿಯನ್ನು ಟೆಂಪ್ಲೇಟ್ ಆಗಿ ಮಾಡದೆ, ಮಾಮೂಲಿ ಪುಟ ಮಾಡಿ ಅದನ್ನು ಡೂಪ್ಲಿಕೇಟ್ ಮಾಡಿರುತ್ತಾರೆ. ಆಗ ಫಿಲ್ಟರ್ ಹಳೇ ಪುಟಕ್ಕೇ ಅಂಟಿಕೊಂಡಿರುತ್ತೆ.

ಲೆಕ್ಕದಪುಸ್ತಕ

ಉಚಿತ ಪ್ಲಾನಿನ ಬಗ್ಗೆ ಅರ್ಧಂಬರ್ಧ ಮಾಹಿತಿ ಓಡಾಡುತ್ತಿದೆ, ಬಿಡಿಸಿ ಹೇಳುತ್ತೇನೆ.

ಒಬ್ಬರೇ ಸದಸ್ಯರಿದ್ದರೆ ಬ್ಲಾಕ್‌ಗಳಿಗೆ ಮಿತಿ ಇಲ್ಲ. ಇಬ್ಬರಾದ ತಕ್ಷಣ ಉಚಿತ ಪ್ಲಾನಿನಲ್ಲಿ 1,000 ಬ್ಲಾಕ್‌ಗಳ ಮಿತಿ ಬೀಳುತ್ತೆ. ನೋಶನ್‌ನಲ್ಲಿ ಒಂದು ಪ್ಯಾರಾ ಒಂದು ಬ್ಲಾಕ್, ಒಂದು ಚಿತ್ರ ಒಂದು ಬ್ಲಾಕ್, ಪಟ್ಟಿಯ ಪ್ರತಿ ಸಾಲೂ ಒಂದು ಬ್ಲಾಕ್. ಸರಾಸರಿ 30 ಪ್ಯಾರಾ ಇರುವ ಬರಹ ಅಂದರೆ 33 ಬರಹಕ್ಕೇ ಮುಗಿಯಿತು, ಅಂದರೆ ಒಂದೂವರೆ ಸಂಚಿಕೆ.

ಆದರೆ ‘ಗೆಸ್ಟ್’ (ಆರಿಸಿದ ಪುಟಕ್ಕೆ ಮಾತ್ರ ಕರೆದವರು) ಬೇರೆ, ‘ಮೆಂಬರ್’ (ಇಡೀ ಜಾಗದ ಸದಸ್ಯರು) ಬೇರೆ. ಒಬ್ಬರ ಹೆಸರಲ್ಲಿ ಜಾಗ ಇಟ್ಟುಕೊಂಡು ಉಳಿದ ಐವರನ್ನು ಗೆಸ್ಟ್ ಆಗಿ ಕರೆದರೆ ಈ 1,000ದ ಮಿತಿ ಬರುವುದಿಲ್ಲ. ಉಚಿತದಲ್ಲಿ 10 ಗೆಸ್ಟ್‌ಗಳಿಗೆ ಅವಕಾಶ. ಒಂದು ಮೇಲ್ಪುಟ ಮಾಡಿ, ಮೂರೂ ಡೇಟಾಬೇಸ್ ಅದರೊಳಗಿಟ್ಟು, ಆ ಒಂದು ಪುಟಕ್ಕೆ ಐವರನ್ನೂ ಸೇರಿಸಿದರೆ ಆಯಿತು.

ಇದಕ್ಕೆ ತೆರುವ ಬೆಲೆ: ಪುಟದ ಹಳೇ ಆವೃತ್ತಿ 7 ದಿನ ಮಾತ್ರ ಸಿಗುತ್ತೆ, ಒಂದು ಕಡತ 5 ಎಂಬಿ ಮೀರುವಂತಿಲ್ಲ, ಆ ಒಬ್ಬರು ಬಿಟ್ಟುಹೋದರೆ ಇಡೀ ಪತ್ರಿಕೆ ಅವರ ಖಾತೆಯಲ್ಲಿರುತ್ತೆ. ಆದ್ದರಿಂದ ವೈಯಕ್ತಿಕ ಇಮೇಲ್ ಬೇಡ, ಪತ್ರಿಕೆಯದೇ ಇಮೇಲ್‌ನಲ್ಲಿ ಖಾತೆ ತೆರೆಯಿರಿ.

5 ಎಂಬಿ ಎಷ್ಟು ಚಿಕ್ಕದು ಅಂತ ನೋಡಿ. 300 ಡಿಪಿಐನ ಎ4 ಮುಖಪುಟ 2480 × 3508 ಪಿಕ್ಸೆಲ್. ಸಿಎಂವೈಕೆಯಲ್ಲಿ (ಅಚ್ಚಿನ ನಾಲ್ಕು ಬಣ್ಣ) ಪಿಕ್ಸೆಲ್‌ಗೆ 4 ಬೈಟ್, ಕುಗ್ಗಿಸದ ಟಿಫ್ ಸುಮಾರು 35 ಎಂಬಿ. ಅಚ್ಚಿನ ಕಡತಗಳಿಗೆ ಡ್ರೈವ್ ಬೇಕೇ ಬೇಕು.

ದುಡ್ಡು ಕೊಡುವುದಾದರೆ: 2025ರ ಮೇ ದರಪಟ್ಟಿಯ ಪ್ರಕಾರ ಪ್ಲಸ್ ಪ್ಲಾನ್ ವಾರ್ಷಿಕ ಪಾವತಿಯಲ್ಲಿ ಒಬ್ಬರಿಗೆ ತಿಂಗಳಿಗೆ 10 ಡಾಲರ್. 6 ಜನ, 12 ತಿಂಗಳು, 720 ಡಾಲರ್. ಅದರ ಮೇಲೆ 18% ಜಿಎಸ್‌ಟಿ, ಸುಮಾರು 850. ಜಿಎಸ್‌ಟಿ ನೋಂದಣಿ ಇದ್ದರೆ ಆ ತೆರಿಗೆಯನ್ನು ರಿವರ್ಸ್ ಚಾರ್ಜ್‌ನಲ್ಲಿ ನೀವೇ ಕಟ್ಟಬೇಕು, ಆಡಿಟರಿಗೆ ಮೊದಲೇ ಹೇಳಿಡಿ. ಇನ್ನೊಂದು ಚಿಕ್ಕ ಕಿರಿಕಿರಿ: ಕಾರ್ಡಿನಿಂದ ತಾನಾಗಿ ಕಡಿತವಾಗುವ ಮೊತ್ತ ₹15,000 ದಾಟಿದರೆ ರಿಸರ್ವ್ ಬ್ಯಾಂಕ್ ನಿಯಮದಂತೆ ಪ್ರತಿ ಸಲವೂ ಒಟಿಪಿ ಬೇಕು. ವಾರ್ಷಿಕ ನವೀಕರಣ ಆ ಗೆರೆಯನ್ನು ಎಷ್ಟೋ ಪಾಲು ದಾಟುತ್ತೆ. ಒಟಿಪಿ ಬರುವ ಫೋನ್ ಯಾರದ್ದು ಅಂತ ನೋಡಿಕೊಳ್ಳಿ, ಇಲ್ಲದಿದ್ದರೆ ನವೀಕರಣ ಬಿದ್ದುಹೋಗುತ್ತೆ.

ಎಐ ಬೇಕು ಅನ್ನುವವರಿಗೆ: ಮೊದಲಿನ ಹಾಗೆ ಪ್ರತ್ಯೇಕವಾಗಿ ಕೊಳ್ಳುವ ವ್ಯವಸ್ಥೆ ಹೊಸಬರಿಗೆ ಇಲ್ಲ, ಬಿಸಿನೆಸ್ ಪ್ಲಾನಿಗೆ ಹೋಗಬೇಕು, ಅದು ದುಪ್ಪಟ್ಟು. ಬರಹಗಳ ಪಟ್ಟಿ ಇಡೋಕೆ ಅದರ ಅಗತ್ಯ ಇಲ್ಲ.

ಕೀಲಿಮಣೆ

ಕನ್ನಡದ ಭಾಗ ನಾನು ಹೇಳುತ್ತೇನೆ. ಇಲ್ಲಿ ಆ್ಯಪ್‌ನ ತಪ್ಪು ಸ್ವಲ್ಪ, ನಮ್ಮ ಕಡತಗಳ ತಪ್ಪು ಹೆಚ್ಚು.

ಟೈಪಿಂಗ್: ನೋಶನ್‌ನಲ್ಲಿ ಏನು ಹಾಕಬೇಕಾದರೂ ಓರೆಗೆರೆ ಒತ್ತಬೇಕು. ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ಆ ಕೀಲಿ ಒತ್ತಿದರೆ ಬರುವುದು ‘ಯ’. ಚೌಕ ಆವರಣದ ಕೀಲಿಯಲ್ಲಿ ‘ಡ’. ಹಾಗಾಗಿ ಟು-ಡೂ ಪೆಟ್ಟಿಗೆಯ ಶಾರ್ಟ್‌ಕಟ್ಟೂ ಇಲ್ಲ. ನುಡಿ ವಿನ್ಯಾಸದಲ್ಲಿ ಚಿಹ್ನೆಗಳ ಕೀಲಿಗಳು ಹಾಗೇ ಇರುತ್ತವೆ, ಅಲ್ಲಿ ಓರೆಗೆರೆ ಬೀಳುತ್ತೆ. ಆದರೆ ಅದರ ಮುಂದೆ ಬರೆಯಬೇಕಾದ ಆದೇಶದ ಹೆಸರು ಇಂಗ್ಲಿಷ್, ಹೇಗಿದ್ದರೂ ಭಾಷೆ ಬದಲಿಸಬೇಕು. ವಿಂಡೋಸ್ ಕೀಲಿ ಮತ್ತು ಸ್ಪೇಸ್ ಬೆರಳಿಗೆ ರೂಢಿಯಾಗಲಿ. ಇಲ್ಲವೇ ಸಾಲಿನ ಎಡಕ್ಕೆ ಮೌಸ್ ತಂದು ಪ್ಲಸ್ ಗುರುತು ಒತ್ತಿ.

ಹುಡುಕಾಟ: ‘ಕರಡು’ ಅಂತ ಹುಡುಕಿದರೆ ‘ಕರಡಿನಲ್ಲಿ’ ಸಿಗುವ ಭರವಸೆ ಇಲ್ಲ. ವಿಭಕ್ತಿ ಸೇರಿದಾಗ ಕೊನೆಯ ಉಕಾರ ಬಿದ್ದು ಇಕಾರ ಬರುತ್ತೆ, ಯಂತ್ರಕ್ಕೆ ಅದು ಬೇರೆಯೇ ಪದ. ಊರು–ಊರಿನ, ಹಾಡು–ಹಾಡಿನ, ಕಾಡು–ಕಾಡಿನ, ಎಲ್ಲವೂ ಇದೇ ಪಾಡು. ಉಪಾಯ: ಕೊನೆಯ ಸ್ವರ ಬಿಟ್ಟು ‘ಕರಡ’ ಅಂತ ಹುಡುಕಿ. ಯುನಿಕೋಡ್‌ನಲ್ಲಿ ‘ಡು’ ಅನ್ನುವುದು ‘ಡ’ ಮತ್ತು ಕೊಂಬು ಎಂಬ ಎರಡು ಸಂಕೇತ, ಹಾಗಾಗಿ ‘ಕರಡ’ ಎರಡು ರೂಪಕ್ಕೂ ಮೊದಲ ಭಾಗವಾಗಿರುತ್ತೆ. ಜೊತೆಗೆ ಕರಡಿಯೂ ಬಂದರೆ ಬೈಯಬೇಡಿ.

ಇದಕ್ಕಿಂತ ಕಾಟ ಕೊಡುವುದು ಕಣ್ಣಿಗೆ ಕಾಣದ ಸಂಕೇತಗಳು. ‘ಸಾಫ್ಟ್‌ವೇರ್’ ಬರೆಯುವಾಗ ‘ಟ್’ ಮತ್ತು ‘ವೇ’ ನಡುವೆ ಒತ್ತು ಬೀಳದಂತೆ ತಡೆಯುವ ಶೂನ್ಯ ಅಗಲದ ಸಂಕೇತವೊಂದು ಇರುತ್ತೆ. ಒಬ್ಬರು ಅದನ್ನು ಹಾಕಿರುತ್ತಾರೆ, ಇನ್ನೊಬ್ಬರ ‘ಸಾಫ್ಟ್ವೇರ್’ನಲ್ಲಿ ಅದಿಲ್ಲ. ‘ರ‍್ಯಾಂಕ್’ನಲ್ಲಿ ರಕಾರ ಪೂರ್ತಿ ಉಳಿಯಬೇಕಾದರೆ ಜೋಡಿಸುವ ಸಂಕೇತ ಹಲಂತಕ್ಕಿಂತ ಮೊದಲು ಬರಬೇಕು, ಹಳೇ ಕಡತಗಳಲ್ಲಿ ಹಲಂತದ ನಂತರ ಇರುತ್ತೆ. ಪರದೆಯ ಮೇಲೆ ಎರಡೂ ಒಂದೇ ಥರ ಕಂಡರೂ ಹುಡುಕಿದಾಗ ಒಂದು ಸಿಕ್ಕರೆ ಇನ್ನೊಂದು ಸಿಗುವುದಿಲ್ಲ. ‘ಕೊ’ ಅಕ್ಷರದ ಸ್ವರಚಿಹ್ನೆಯೂ ಒಂದೇ ಸಂಕೇತವಾಗಿರಬಹುದು, ಎತ್ವ ಮತ್ತು ಕೊಂಬಿನ ದೀರ್ಘ ಎಂಬ ಎರಡಾಗಿಯೂ ಇರಬಹುದು. ಕಡತಗಳನ್ನು ಒಳಗೆ ತರುವ ಮೊದಲು ಎಲ್ಲವನ್ನೂ ಎನ್‌ಎಫ್‌ಸಿ ರೂಪಕ್ಕೆ (ಇಂಥ ಬಿಡಿ ಸಂಕೇತಗಳನ್ನು ಒಂದಾಗಿಸುವ ಯುನಿಕೋಡ್ ರೂಪ) ತನ್ನಿ, ಪೈಥಾನ್‌ನ ಯುನಿಕೋಡ್‌ಡೇಟಾದಲ್ಲಿ ಒಂದೇ ಸಾಲಿನ ಕೆಲಸ. ಎನ್‌ಎಫ್‌ಸಿ ಸರಿಪಡಿಸುವುದು ‘ಕೊ’ ಥರದ್ದನ್ನು ಮಾತ್ರ. ‘ರ‍್ಯಾಂಕ್’ ಮತ್ತು ‘ಸಾಫ್ಟ್‌ವೇರ್’ಗೆ ಬೇರೆಯಾಗಿ ಹುಡುಕಿ ಬದಲಿಸಬೇಕು.

ಅಕಾರಾದಿ: ಸಂಕೇತದ ಕ್ರಮದಲ್ಲಿ ಜೋಡಿಸುವ ಆ್ಯಪ್ ಆದರೆ ‘ಳ’ ಬಂದು ‘ಲ’ ಮತ್ತು ‘ವ’ ನಡುವೆ ಕೂರುತ್ತೆ. ಕಳಸ, ಕವನ, ಕಹಿ ಮೂರನ್ನೂ ಹಾಕಿ ಜೋಡಿಸಿ ನೋಡಿ. ಕಳಸ ಮೊದಲು ಬಂದರೆ ಆ್ಯಪ್‌ಗೆ ಕನ್ನಡ ಅಕಾರಾದಿ ಗೊತ್ತಿಲ್ಲ ಎಂದರ್ಥ. ವಾರ್ಷಿಕ ಸೂಚಿ ತಯಾರಿಸುವವರಿಗೆ ಇದು ಮುಖ್ಯ, ಉಳಿದವರು ಬಿಡಬಹುದು.

ಬಿಳಿಹಾಳೆ

ನುಡಿ ಕಡತಗಳು? ಸುಮಾರು 400 ಇವೆ.

ಕೀಲಿಮಣೆ

ಹಾಗೇ ಇಂಪೋರ್ಟ್ ಮಾಡಿದರೆ ರೋಮನ್ ಅಕ್ಷರಗಳ ಚಿತ್ರಾನ್ನ ಬರುತ್ತೆ. ಅದರಲ್ಲಿರುವುದು ಕನ್ನಡ ಸಂಕೇತಗಳಲ್ಲ, ಕನ್ನಡದಂತೆ ಕಾಣುವ ಫಾಂಟ್ ತೊಡಿಸಿದ ಆಸ್ಕಿ ಅಕ್ಷರ. ಮೊದಲು ಯುನಿಕೋಡ್‌ಗೆ ಬದಲಿಸಿ, ಆಮೇಲೆ ಮುಂದಿನ ಮಾತು.

ಬದಲಿಸುವಾಗ ಒಂದು ಬಲೆ. ಕಡತದಲ್ಲಿ ನಡುನಡುವೆ ಇಂಗ್ಲಿಷ್ ಇದ್ದರೆ ಅದೂ ಅದೇ ಬೈಟ್‌ಗಳು, ಬೇರೆ ಅಂತ ಹೇಳುವುದು ಫಾಂಟಿನ ಹೆಸರು ಮಾತ್ರ. ಪಠ್ಯವನ್ನು ನಕಲು ಮಾಡಿ ಪರಿವರ್ತಕದ ಪೆಟ್ಟಿಗೆಗೆ ಅಂಟಿಸಿದಾಗ ಫಾಂಟಿನ ಮಾಹಿತಿ ಉದುರಿಹೋಗುತ್ತೆ, ಇಂಗ್ಲಿಷ್ ಪದಗಳೆಲ್ಲ ಅರ್ಥವಿಲ್ಲದ ಕನ್ನಡವಾಗುತ್ತವೆ. ಆದ್ದರಿಂದ ವರ್ಡ್ ಕಡತವನ್ನೇ ತೆಗೆದುಕೊಂಡು, ಫಾಂಟ್ ನೋಡಿ ತುಂಡು ತುಂಡಾಗಿ ಬದಲಿಸುವ ವಿಧಾನ ಬೇಕು. ಬದಲಿಸಿದ ಮೇಲೆ ಪ್ರತಿ ಕಡತದಲ್ಲಿ ಅರ್ಕಾವತ್ತಿನ ಐದು ಪದ (ಧರ್ಮ, ಸೂರ್ಯ, ವರ್ಷ ಥರದ್ದು), ಒಂದು ಇಸವಿ, ಒಂದು ಇಂಗ್ಲಿಷ್ ಪದ ಪರೀಕ್ಷಿಸಿ. ಈ ಮೂರು ಸರಿ ಇದ್ದರೆ ಬಹುತೇಕ ಕಡತ ಸರಿ ಇರುತ್ತೆ.

ಕಡತಪ್ರಿಯ

ಇಷ್ಟೆಲ್ಲ ಸರ್ಕಸ್ ಯಾಕೆ, ಅಬ್ಸಿಡಿಯನ್ ಎಂಬ ಟಿಪ್ಪಣಿ ಆ್ಯಪ್ ನೋಡಿ. ಎಲ್ಲವೂ ನಿಮ್ಮ ಕಂಪ್ಯೂಟರಿನಲ್ಲೇ ಇರುವ ಮಾರ್ಕ್‌ಡೌನ್ ಕಡತ. 2025ರ ಫೆಬ್ರುವರಿಯಿಂದ ಸಂಸ್ಥೆಗಳಿಗೂ ಲೈಸೆನ್ಸ್ ಕಡ್ಡಾಯವಲ್ಲ. ಅದೇ ವರ್ಷ ಬಂದ ‘ಬೇಸಸ್’ನಿಂದ ಕೋಷ್ಟಕ, ಫಿಲ್ಟರ್, ಫಾರ್ಮುಲಾ ಸಿಗುತ್ತೆ. ಹೊರಗೆ ತರುವ ಪ್ರಶ್ನೆಯೇ ಇಲ್ಲ, ಎಲ್ಲವೂ ಹೊರಗೇ ಇದೆ.

ಅಚ್ಚುಮೊಳೆ

ಒಬ್ಬರಿಗೆ ಅದಕ್ಕಿಂತ ಒಳ್ಳೆಯದಿಲ್ಲ, ಒಪ್ಪಿದೆ. 6 ಜನ ಒಂದೇ ಪುಟದಲ್ಲಿ ಒಟ್ಟಿಗೆ ಕೆಲಸ ಮಾಡೋಕೆ ಅದು ಹುಟ್ಟಿದ್ದೇ ಅಲ್ಲ. ಹಂಚಿದ ವಾಲ್ಟ್‌ಗೆ (ಅಬ್ಸಿಡಿಯನ್ ಕಡತಗಳ ಫೋಲ್ಡರ್) ಪ್ರತಿಯೊಬ್ಬರಿಗೂ ಸಿಂಕ್ ಚಂದಾ ಬೇಕು, ಕಡಿಮೆ ದರದ್ದೇ ತಿಂಗಳಿಗೆ 4 ಡಾಲರ್, ಆರು ಜನಕ್ಕೆ ವರ್ಷಕ್ಕೆ 288. ಅದರಲ್ಲೂ ಜಾಗ 1 ಜಿಬಿ, ಕಡತದ ಮಿತಿ ಅದೇ 5 ಎಂಬಿ. ‘ಇವರಿಗೆ ಈ ಫೋಲ್ಡರ್ ಮಾತ್ರ’ ಅನ್ನುವಂತಿಲ್ಲ. ಗೂಗಲ್ ಡ್ರೈವ್ ಅಥವಾ ಸಿಂಕ್‌ಥಿಂಗ್‌ನಲ್ಲಿ (ಕಂಪ್ಯೂಟರುಗಳ ನಡುವೆ ಕಡತ ಹೊಂದಿಸುವ ತಂತ್ರಾಂಶ) ಮಾಡಿದರೆ ಇಬ್ಬರು ಒಂದೇ ಕಡತ ತಿದ್ದಿದ ದಿನ ಒಂದಕ್ಕೆ ಎರಡು ಕಡತ ಆಗುತ್ತೆ.

ಕಡತಪ್ರಿಯ

ಎರಡಾಗುತ್ತೆ, ಆದರೆ ಕಳೆದುಹೋಗುವುದಿಲ್ಲ. ಇರಲಿ, ತಂಡದ ಮಾತು ಒಪ್ಪುತ್ತೇನೆ. ಅಬ್ಸಿಡಿಯನ್ ಆರಿಸುವ ಒಂಟಿ ಬರಹಗಾರರು ಈ ಚರ್ಚೆಗೆ ಬಂದರೆ ಅಂತ ಎರಡು ಕನ್ನಡದ ವಿಷಯ ಬರೆದಿಡುತ್ತೇನೆ.

ಅಲ್ಲಿ ಶೀರ್ಷಿಕೆಯೇ ಕಡತದ ಹೆಸರು. ಲಿನಕ್ಸ್‌ನಲ್ಲಿ (ಆಂಡ್ರಾಯ್ಡ್ ಫೋನಿನಲ್ಲೂ) ಹೆಸರಿನ ಮಿತಿ 255 ಬೈಟ್. ಕನ್ನಡದ ಪ್ರತಿ ಸಂಕೇತಕ್ಕೂ ಯುಟಿಎಫ್-8ರಲ್ಲಿ 3 ಬೈಟ್ ಬೇಕು. ಕಡತದ ಬಾಲ (.md) ಕಳೆದರೆ ಉಳಿಯುವುದು 84 ಸಂಕೇತ. ಅಕ್ಷರ ಅಲ್ಲ, ಸಂಕೇತ: ‘ಸ್ತ್ರೀ’ ಒಂದೇ ಅಕ್ಷರ, ಆದರೆ ಆರು ಸಂಕೇತ, 18 ಬೈಟ್. ಲೇಖನದ ಉದ್ದ ಶೀರ್ಷಿಕೆ ಉಪಶೀರ್ಷಿಕೆ ಸಮೇತ ಇಟ್ಟರೆ ಲ್ಯಾಪ್‌ಟಾಪಿನಲ್ಲಿ ಉಳಿದದ್ದು ಫೋನಿಗೆ ಹೋಗದೆ ನಿಲ್ಲಬಹುದು.

ಗಿಟ್‌ನಲ್ಲಿ (ಕಡತಗಳ ಹಳೇ ಆವೃತ್ತಿ ಉಳಿಸುವ ತಂತ್ರಾಂಶ) ಇಟ್ಟರೆ ಕಡತದ ಹೆಸರುಗಳು \340\262\225 ಥರ ಕಾಣುತ್ತವೆ. ಹೆದರಬೇಡಿ, ಅದು ‘ಕ’. ಕೋರ್ ವಿಭಾಗದ ಕೋಟ್‌ಪಾತ್ ಎಂಬ ಸೆಟ್ಟಿಂಗನ್ನು ಫಾಲ್ಸ್ ಮಾಡಿದರೆ ಕನ್ನಡದಲ್ಲೇ ಕಾಣುತ್ತೆ.

ಪೇಡೆ

ಆತ್ರಿ, ಎಲ್ಲಾ ಖರೆ. ಆದ್ರ ಲೇಖಕರ ಡೇಟಾಬೇಸ್ ಬಗ್ಗೆ ಯಾರೂ ಹೇಳವಲ್ರಿ. ಅದ್ರಾಗ ಫೋನ್ ನಂಬರ್, ಬ್ಯಾಂಕ್ ಖಾತೆ, ಪ್ಯಾನ್ ಎಲ್ಲಾ ತುಂಬ್ತಾರ ಮಂದಿ. ಹೊರಗಿನ ಕರಡು ತಿದ್ದೋರಿಗೆ ಡೇಟಾಬೇಸ್ ಕೊಟ್ಟು, ‘ಅವರಿಗೆ ಅವರ ಬರಹ ಮಾತ್ರ ಕಾಣೋಹಂಗ ಫಿಲ್ಟರ್ ಹಾಕೇವಿ’ ಅಂತಾರ. ಫಿಲ್ಟರ್ ಅಂದ್ರ ಪರದೆ ಎಳದಂಗ, ಕೀಲಿ ಹಾಕಿದಂಗ ಅಲ್ರಿ. ಡೇಟಾಬೇಸ್ ನೋಡೋ ಹಕ್ಕು ಇದ್ದವ್ರು ಫಿಲ್ಟರ್ ತಗದು ಎಲ್ಲಾ ನೋಡಬಹುದು.

ಇನ್ನೊಂದ್ರಿ. ಒಂದು ಪುಟಾನ ವೆಬ್‌ಗೆ ಪಬ್ಲಿಶ್ ಮಾಡಿದ್ರ ಅದರ ಹೊಟ್ಟಿಯೊಳಗಿನ ಪುಟಗಳೂ ಪಬ್ಲಿಶ್ ಆಗ್ತಾವ. ‘ಬರಹ ಕಳಿಸುವ ನಿಯಮಗಳು’ ಅಂತ ಒಂದು ಪುಟ ಹೊರಗ ಬಿಡೋರು, ಅದನ್ನ ಬ್ಯಾರೇನ ಇಡ್ರಿ. ಅದರ ಕೆಳಗ ಏನೂ ಇರಬಾರದು.

ಅಚ್ಚುಮೊಳೆ

ಪೇಡೆಯವರು ಹೇಳಿದ್ದು ನನ್ನ ಮೊದಲ ಉತ್ತರದಲ್ಲೇ ಇರಬೇಕಿತ್ತು. ಲೇಖಕರ ಡೇಟಾಬೇಸ್‌ನಲ್ಲಿ ಹೆಸರು, ಊರು, ಇಮೇಲ್ ಸಾಕು. ಸಂಭಾವನೆಯ ವಿವರ ಲೆಕ್ಕ ನೋಡುವವರ ಶೀಟ್‌ನಲ್ಲೇ ಇರಲಿ. ನೋಶನ್‌ನಲ್ಲಿ ಎರಡು ತುದಿಗಷ್ಟೇ ಕೀಲಿ ಇರುವ ಗೂಢಲಿಪೀಕರಣ ಇಲ್ಲ. ಸಾಗುವಾಗಲೂ ಸಂಗ್ರಹದಲ್ಲೂ ಗೂಢಲಿಪಿ ಇರುತ್ತೆ, ಆದರೆ ಕೀಲಿ ಅವರ ಹತ್ತಿರವೇ. ಅದು ಬೇಕೇ ಬೇಕು ಅನ್ನುವವರು ಎನಿಟೈಪ್ ಎಂಬ ಆ್ಯಪ್ ನೋಡಬಹುದು.

ಹೊರಬಾಗಿಲು

ಮೂರನೇ ಪ್ರಶ್ನೆಗೆ ಉತ್ತರ. ಹೊರಗೆ ತರಬಹುದು, ಆದರೆ ಏನು ಬರುತ್ತೆ ಏನು ಬರುವುದಿಲ್ಲ ಅಂತ ತಿಳಿದು ಒಳಗೆ ಹೋಗಿ.

ಸೆಟ್ಟಿಂಗ್ಸ್‌ನ ಜನರಲ್ ಭಾಗದಲ್ಲಿ ಇಡೀ ವರ್ಕ್‌ಸ್ಪೇಸ್ ಇಳಿಸುವ ಗುಂಡಿ ಇದೆ. ಗೆಸ್ಟ್‌ಗಳಿಗೆ ಅದು ಸಿಗುವುದಿಲ್ಲ. ದೊಡ್ಡದಾದರೆ ಕೊಂಡಿ ಇಮೇಲ್‌ಗೆ ಬರುತ್ತೆ, 7 ದಿನಕ್ಕೆ ಸಾಯುತ್ತೆ. ಮಾರ್ಕ್‌ಡೌನ್–ಸಿಎಸ್‌ವಿ ಆಯ್ಕೆ ಮಾಡಿ, ‘ಎವ್ರಿಥಿಂಗ್’ ಇರಲಿ, ಉಪಪುಟಗಳಿಗೆ ಫೋಲ್ಡರ್ ಮಾಡುವ ಆಯ್ಕೆ ಹಾಕಿ. ಜಿಪ್‌ನೊಳಗೆ ಮತ್ತೆ ಜಿಪ್ ಇರುತ್ತೆ, ಗಾಬರಿ ಬೇಡ. ಪ್ರತಿ ಕಡತದ ಹೆಸರಿನ ಕೊನೆಗೆ 32 ಅಂಕಿ-ಅಕ್ಷರಗಳ ಗುರುತು ಅಂಟಿರುತ್ತೆ. ಪುಟದೊಳಗೆ ಪುಟ, ಅದರೊಳಗೆ ಪುಟ ಅಂತ ನಾಲ್ಕು ಹಂತ ಇಳಿದರೆ ವಿಂಡೋಸ್‌ನ 260ರ ದಾರಿಮಿತಿ (ಫೋಲ್ಡರುಗಳೂ ಸೇರಿ ಕಡತದ ಪೂರ್ತಿ ಹೆಸರಿನ ಉದ್ದ) ಸುಲಭವಾಗಿ ದಾಟುತ್ತೆ, ಬಿಚ್ಚುವಾಗ ಕೆಲವು ಕಡತ ಬಿಟ್ಟುಹೋಗುತ್ತವೆ. ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಬಿಚ್ಚಬೇಡಿ, ಸಿ ಡ್ರೈವ್‌ನಲ್ಲೇ ಒಂದಕ್ಷರದ ಫೋಲ್ಡರ್ ಮಾಡಿ, ಸೆವೆನ್‌ಜಿಪ್‌ನಲ್ಲಿ ಬಿಚ್ಚಿ. ಬಿಚ್ಚಿದ ಮೇಲೆ ಕಡತಗಳ ಸಂಖ್ಯೆಯನ್ನು ಜಿಪ್‌ನ ಒಳಗಿನ ಸಂಖ್ಯೆಯ ಜೊತೆ ತಾಳೆ ನೋಡಿ.

ಡೇಟಾಬೇಸ್‌ಗೆ ಎರಡು ಸಿಎಸ್‌ವಿ ಬರಬಹುದು. ಹೆಸರಿನ ಕೊನೆಗೆ ‘ಆಲ್’ ಇರುವುದರಲ್ಲಿ ಎಲ್ಲ ಸಾಲುಗಳಿರುತ್ತವೆ, ಇನ್ನೊಂದರಲ್ಲಿ ವ್ಯೂನಲ್ಲಿ ಕಾಣುವಷ್ಟೇ. ಎಕ್ಸೆಲ್‌ನಲ್ಲಿ ಜೋಡಿ ಕ್ಲಿಕ್ ಮಾಡಿ ತೆರೆದರೆ ಕನ್ನಡ ಚೂರುಚೂರಾಗಿ ಕಾಣಬಹುದು. ಡೇಟಾ ಮೆನುವಿನ ‘ಫ್ರಮ್ ಟೆಕ್ಸ್ಟ್/ಸಿಎಸ್‌ವಿ’ಯಿಂದ ತೆರೆದು, ಫೈಲ್ ಆರಿಜಿನ್‌ನಲ್ಲಿ 65001 ಯುಟಿಎಫ್-8 ಆರಿಸಿ. ತಪ್ಪಾಗಿ ತೆರೆದದ್ದನ್ನು ಸೇವ್ ಮಾಡಿಬಿಟ್ಟರೆ ಅಕ್ಷರ ವಾಪಸ್ ಬರುವುದಿಲ್ಲ, ಮೊದಲು ನಕಲು ತೆಗೆದಿಡಿ.

ಬದಲಾಗುವುದು: ರಿಲೇಶನ್ ಬರೀ ಹೆಸರು ಮತ್ತು ಕೊಂಡಿಯಾಗುತ್ತೆ. ರೋಲಪ್, ಫಾರ್ಮುಲಾ ಆ ಹೊತ್ತಿನ ಬೆಲೆಯಲ್ಲಿ ಹೆಪ್ಪುಗಟ್ಟುತ್ತವೆ. ವ್ಯೂಗಳು, ಫಿಲ್ಟರ್‌ಗಳು, ಟೆಂಪ್ಲೇಟ್ ಚಾತುರ್ಯ ಯಾವುದೂ ಬರುವುದಿಲ್ಲ. ಮಾರ್ಕ್‌ಡೌನ್‌ನಲ್ಲಿ ಕಾಮೆಂಟ್‌ಗಳೂ ಇರುವುದಿಲ್ಲ. ಕರಡು ತಿದ್ದುವ ಚರ್ಚೆ ಕಾಮೆಂಟಿನಲ್ಲೇ ನಡೆಸುವ ತಂಡಕ್ಕೆ ಇದೇ ದೊಡ್ಡ ನಷ್ಟ. ತೀರ್ಮಾನವಾದದ್ದನ್ನು ಪುಟದ ಮೈಯಲ್ಲೇ ಒಂದು ಸಾಲು ಬರೆದಿಡುವ ರೂಢಿ ಮಾಡಿ.

ಅಬ್ಸಿಡಿಯನ್‌ಗೆ ಒಯ್ಯುವುದಾದರೆ ಮಾರ್ಕ್‌ಡೌನ್ ಇಳಿಸಬೇಡಿ, ಎಚ್‌ಟಿಎಂಎಲ್ ಇಳಿಸಿ. ಅವರ ಇಂಪೋರ್ಟರ್ ಪ್ಲಗಿನ್ ಕೇಳುವುದು ಅದನ್ನೇ. ಬಿಚ್ಚದೆ ಜಿಪ್ ಅನ್ನೇ ಕೊಡಿ.

ಬಿಳಿಹಾಳೆ

ಪ್ರತಿ ವಾರ ತಾನಾಗಿ ಬ್ಯಾಕಪ್ ಆಗುವಂತೆ ಮಾಡಬಹುದೇ?

ಹೊರಬಾಗಿಲು

ಎಪಿಐ (ಸ್ಕ್ರಿಪ್ಟ್‌ಗಳು ನೋಶನ್ ಜೊತೆ ಮಾತಾಡುವ ದಾರಿ) ಮೂಲಕ ಆಗುತ್ತೆ. ವೇಗದ ಮಿತಿ ಸರಾಸರಿ ಸೆಕೆಂಡಿಗೆ 3 ಕರೆ, ಒಂದು ಕರೆಗೆ ಗರಿಷ್ಠ 100 ಬ್ಲಾಕ್. ಟಾಗಲ್ (ಮಡಚುವ ಭಾಗ) ಅಥವಾ ಕಾಲಮ್‌ನೊಳಗಿನದಕ್ಕೆ ಮತ್ತೊಂದು ಕರೆ ಬೇಕು. ಪುಟಕ್ಕೆ ಸರಾಸರಿ 4 ಕರೆ ಅಂದುಕೊಂಡರೆ 1,200 ಪುಟಕ್ಕೆ 4,800 ಕರೆ, 1,600 ಸೆಕೆಂಡ್, ಹೆಚ್ಚುಕಡಿಮೆ 27 ನಿಮಿಷ. ಅಷ್ಟೇನೂ ಅಲ್ಲ. 429 (ಮಿತಿ ಮೀರಿತು) ಎಂಬ ಉತ್ತರ ಬಂದರೆ ಅದರ ಜೊತೆ ಎಷ್ಟು ಸೆಕೆಂಡ್ ಕಾಯಬೇಕೆಂದು ಬರುತ್ತೆ, ಅಷ್ಟು ಕಾದು ಮುಂದುವರಿಯಬೇಕು.

ಎಡವುವ ಜಾಗ ಎರಡು. ನೋಶನ್‌ಗೆ ಏರಿಸಿದ ಚಿತ್ರಗಳ ಕೊಂಡಿ ಎಪಿಐನಲ್ಲಿ 1 ಗಂಟೆ ಮಾತ್ರ ಬದುಕಿರುತ್ತೆ. ಕೊಂಡಿಯನ್ನು ಉಳಿಸಿಕೊಂಡು ‘ಬ್ಯಾಕಪ್ ಆಯಿತು’ ಅಂದುಕೊಂಡರೆ ಚಿತ್ರ ಹೋದಂತೆ. ಓಡುತ್ತಿರುವಾಗಲೇ ಕಡತ ಇಳಿಸಿಕೊಳ್ಳಿ. ಎರಡನೇದು, 2025-09-03ರ ಎಪಿಐ ಆವೃತ್ತಿಯಿಂದ ಡೇಟಾಬೇಸ್ ಬೇರೆ, ಅದರೊಳಗಿನ ಡೇಟಾ ಸೋರ್ಸ್ (ಸಾಲುಗಳಿರುವ ಕೋಷ್ಟಕ) ಬೇರೆ. ಹಳೇ ಆವೃತ್ತಿಗೆ ಬರೆದ ಸ್ಕ್ರಿಪ್ಟ್ ನಡೆಯುತ್ತಿರುತ್ತೆ, ಯಾರೋ ಒಬ್ಬರು ಆ ಡೇಟಾಬೇಸ್‌ಗೆ ಎರಡನೇ ಸೋರ್ಸ್ ಸೇರಿಸಿದ ದಿನ ನಿಂತುಹೋಗುತ್ತೆ. ಹೊಸದಾಗಿ ಬರೆಯುವವರು ಹೊಸ ಆವೃತ್ತಿಗೇ ಬರೆಯಿರಿ. ಬ್ಯಾಕಪ್ ಬಳಸುವ ಇಂಟಿಗ್ರೇಶನ್‌ಗೆ (ಸ್ಕ್ರಿಪ್ಟ್‌ಗಾಗಿ ನೋಶನ್‌ನಲ್ಲಿ ಮಾಡಿಕೊಳ್ಳುವ ಗುರುತು) ಮೇಲ್ಪುಟದ ಪ್ರವೇಶ ಕೊಡುವುದನ್ನೂ ಮರೆಯಬೇಡಿ, ಕೊಡದಿದ್ದರೆ ಪುಟವೇ ಇಲ್ಲ ಅನ್ನುತ್ತೆ.

ಲೆಕ್ಕದಪುಸ್ತಕ

ಇಷ್ಟು ಎಚ್ಚರ ಅತಿ ಅನ್ನಿಸುವವರಿಗೆ ಎರಡು ಉದಾಹರಣೆ. ಎವರ್‌ನೋಟ್ ಎಂಬ ಟಿಪ್ಪಣಿ ಆ್ಯಪ್ ಅನ್ನು ಬೆಂಡಿಂಗ್ ಸ್ಪೂನ್ಸ್ ಎಂಬ ಕಂಪನಿ ಕೊಂಡಿತು. 2023ರ ಡಿಸೆಂಬರ್‌ನಲ್ಲಿ ಉಚಿತ ಖಾತೆಗೆ 50 ಟಿಪ್ಪಣಿ, 1 ನೋಟ್‌ಬುಕ್ ಅಂತ ಮಿತಿ ಬಿತ್ತು. ಸ್ಕಿಫ್ ಎಂಬ ಗೂಢಲಿಪಿಯ ಇಮೇಲ್ ಸೇವೆಯನ್ನು 2024ರ ಫೆಬ್ರುವರಿಯಲ್ಲಿ ಕೊಂಡದ್ದು ಸ್ವತಃ ನೋಶನ್. ಬಳಕೆದಾರರಿಗೆ ಸರಕು ಸಾಗಿಸಿಕೊಳ್ಳಲು 6 ತಿಂಗಳು ಕೊಟ್ಟು ಮುಚ್ಚಿತು.

ಮಲೆನಾಡಮಳೆ

ನೆಟ್‌ವರ್ಕ್ ಇಲ್ಲದ ಕಡೆ? ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದೇ ಮೊದಲ ಪ್ರಶ್ನೆ.

ಅಚ್ಚುಮೊಳೆ

2025ರ ಆಗಸ್ಟ್‌ನಿಂದ ಆಫ್‌ಲೈನ್ ಇದೆ, ಫೋನ್ ಮತ್ತು ಡೆಸ್ಕ್‌ಟಾಪ್ ಆ್ಯಪ್‌ಗಳಲ್ಲಿ ಮಾತ್ರ, ಬ್ರೌಸರಿನಲ್ಲಿ ಇಲ್ಲ. ಉಚಿತ ಪ್ಲಾನಿನಲ್ಲಿ ಪುಟದ ಮೂರು ಚುಕ್ಕಿ ಒತ್ತಿ ‘ಅವೈಲಬಲ್ ಆಫ್‌ಲೈನ್’ ಅಂತ ಒಂದೊಂದಾಗಿ ಗುರುತು ಹಾಕಬೇಕು, ಅದೂ ಪ್ರತಿ ಸಾಧನದಲ್ಲಿ ಬೇರೆಬೇರೆಯಾಗಿ, ನೆಟ್ ಇರುವಾಗಲೇ. ಉಪಪುಟಗಳು ತಾವಾಗಿ ಬರುವುದಿಲ್ಲ. ಡೇಟಾಬೇಸ್ ಆದರೆ ಮೊದಲ ವ್ಯೂನ ಮೊದಲ 50 ಸಾಲು ಮಾತ್ರ ಇಳಿಯುತ್ತೆ. ಹಾಗಾಗಿ ಬರಹಗಳ ಡೇಟಾಬೇಸ್‌ನಲ್ಲಿ ‘ಈ ಸಂಚಿಕೆ’ ಎಂಬ ವ್ಯೂವನ್ನೇ ಎಲ್ಲಕ್ಕಿಂತ ಎಡಕ್ಕೆ ಎಳೆದಿಡಿ. 22 ಬರಹ, 50ರೊಳಗೇ ಬಂತು. ಅದನ್ನು ಬಿಟ್ಟು ‘ಎಲ್ಲ ಬರಹಗಳು’ ಮೊದಲಿದ್ದರೆ 1,200ರಲ್ಲಿ ಯಾವುದೋ 50 ಹಿಡಿದುಕೊಂಡು ಬಸ್ ಹತ್ತುತ್ತೀರಿ.

ಬಿಳಿಹಾಳೆ

ಹಾಗಾದರೆ ಪರೀಕ್ಷೆ ಹೀಗೆ ಮಾಡುತ್ತೇವೆ: ಉಚಿತ ಪ್ಲಾನ್, ಪತ್ರಿಕೆಯ ಇಮೇಲ್‌ನಲ್ಲಿ ಖಾತೆ, ಐವರು ಗೆಸ್ಟ್. ಮೂರು ಡೇಟಾಬೇಸ್, ಮೂಲಪ್ರತಿ ಡಾಕ್ಸ್‌ನಲ್ಲಿ. ಒಂದು ಪೂರ್ತಿ ಸಂಚಿಕೆ. ಹಳೆಯದರಲ್ಲಿ 30 ಬರಹ ಮಾತ್ರ ಸೇರಿಸುವುದು.

ಹೊರಬಾಗಿಲು

ಆ 30 ಆರಿಸುವಾಗ ಸಲೀಸಾದದ್ದು ಬೇಡ. 10 ನುಡಿ ಕಡತ, ಅದರಲ್ಲಿ 3 ಇಂಗ್ಲಿಷ್ ಬೆರೆತದ್ದು. ಅತಿ ಉದ್ದ ಶೀರ್ಷಿಕೆಯವು 5, ಅಡಿಟಿಪ್ಪಣಿ ಇರುವವು 5, ಕೋಷ್ಟಕ ಇರುವವು 5, ಇಬ್ಬರು ಲೇಖಕರದ್ದು 5. ಸಂಚಿಕೆ ಮುಗಿಯುವ ತನಕ ಕಾಯದೆ, ಎರಡನೇ ವಾರವೇ ಪೂರ್ತಿ ಇಳಿಸಿ, ಬೇರೆ ಕಂಪ್ಯೂಟರಿನಲ್ಲಿ ಬಿಚ್ಚಿ, ಆ ತಿಂಗಳ ಬರಹಗಳ ಪಟ್ಟಿಯನ್ನು ಬರೀ ಸಿಎಸ್‌ವಿ ನೋಡಿ ಬರೆಯೋಕಾಗುತ್ತಾ ನೋಡಿ.

ಕೀಲಿಮಣೆ

ಇನ್‌ಡಿಸೈನ್ ಮಾತು ಬಂದದ್ದಕ್ಕೆ ಒಂದು ಸಾಲು: ಡಾಕ್ಸ್‌ನಿಂದ ತಂದ ಯುನಿಕೋಡ್ ಪಠ್ಯದಲ್ಲಿ ಒತ್ತಕ್ಷರ ಒಡೆದು ಕಂಡರೆ ಕಡತ ಕೆಟ್ಟಿದೆ ಅಂದುಕೊಳ್ಳಬೇಡಿ. ಪ್ಯಾರಾಗ್ರಾಫ್ ಸ್ಟೈಲ್‌ನ ಜಸ್ಟಿಫಿಕೇಶನ್‌ನಲ್ಲಿ ವರ್ಲ್ಡ್-ರೆಡಿ ಪ್ಯಾರಾಗ್ರಾಫ್ ಕಂಪೋಸರ್ ಆರಿಸಿ, ಸರಿಹೋಗುತ್ತೆ. ನುಡಿ ಆಸ್ಕಿಗೆ ಮಾಡಿಟ್ಟ ಹಳೇ ಸ್ಟೈಲ್‌ಗಳನ್ನು ಹಾಗೇ ಬಳಸಿದರೆ ಹಳೇ ಕಂಪೋಸರೇ ಉಳಿದಿರುತ್ತೆ, ಹೊಸ ಸ್ಟೈಲ್ ಮಾಡಿಕೊಳ್ಳಿ.